ಊರಿನ ಸೌರವಿದ್ಯುತ್ತಿನಲ್ಲಿ ರೈತರ ಪಾಲು

ಭೀಮಾ ನದಿಯ ದಂಡೆಯಲ್ಲಿರುವ ದೇವಣಗಾಂವ ಹಾಗೂ ಸುತ್ತಲಿನ ಸಿಂದಗಿ, ಇಂಡಿ ಭಾಗಗಳಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂಥ ಸೀಮೆಯಲ್ಲಿ ಬಿಸಿಲನ್ನೂ ಒಂದು ಬೆಳೆಯೆಂದೇ ಎಣಿಸಬಹುದು. ಒಂದು ಕಿಲೊವ್ಯಾಟ್ ಸಾಮರ್ಥ್ಯದ ಸೌರಫಲಕಗಳಿಂದ ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ದೊರೆಯುತ್ತದೆ. ಆದರೆ ಫಲಕಗಳು ಊರ ಹೊಲದಲ್ಲಿದ್ದ ಮಾತ್ರಕ್ಕೆ ಆ ಹುಟ್ಟುವಳಿ ಊರಿನದಾಗುವುದಿಲ್ಲ. ಇದನ್ನು ತಿಳಿಯಲು ಪಾವಗಡದ ಅನುಭವವನ್ನು ನೋಡಬೇಕು.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ 5 ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. 2018ರಲ್ಲಿ ಇದರ ಉದ್ಘಾಟನೆಯಾಯಿತು. ಇಲ್ಲಿ ಭೂಮಿಯನ್ನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆಯಲಾಯಿತು. ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೂ ಉಂಟು. ಮೇಲಿಂದ ಮೇಲೆ ಬರ ಬಿದ್ದು ಶೇಂಗಾ ಕೈಕೊಡುತ್ತಿದ್ದ ನೆಲದಲ್ಲಿ ಇದು ನಿಶ್ಚಿತ ವರಮಾನವೇ ಸರಿ. ಆದರೆ ಭೂಮಿ ಇಲ್ಲದವರಿಗೆ ಗೇಣಿ ಬರಲಿಲ್ಲ, ಅವರ ಹೊಲದ ಕೂಲಿಯೂ ನಿಂತಿತು. ಕುರಿ ಕಾಯುವವರಿಗೆ ಮೇವಿನ ಜಾಗ ಕಡಿಮೆಯಾಯಿತು.

ಗೇಣಿಯೊಂದೇ ದಾರಿಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯ ಒಂದು ಭಾಗದಲ್ಲಿ 500 ಕಿಲೊವ್ಯಾಟಿನಿಂದ 2 ಮೆಗಾವ್ಯಾಟಿನವರೆಗಿನ ಘಟಕಗಳನ್ನು ರೈತರು, ರೈತರ ಗುಂಪುಗಳು, ಸಹಕಾರ ಸಂಘಗಳು ಮತ್ತು ಪಂಚಾಯಿತಿಗಳೇ ಸ್ಥಾಪಿಸಲು ಅವಕಾಶ ಕಲ್ಪಿಸಲಾಯಿತು. ಸ್ವಂತ ಬಂಡವಾಳವಿಲ್ಲದ ರೈತನು ಕಂಪನಿಗೆ ಭೂಮಿ ಕೊಟ್ಟಾಗ ಗೇಣಿಯನ್ನು ಎಕರೆಯ ಲೆಕ್ಕದಲ್ಲಾಗಲಿ, ಹುಟ್ಟಿದ ಯೂನಿಟ್ಟಿನ ಲೆಕ್ಕದಲ್ಲಾಗಲಿ ಗೊತ್ತುಪಡಿಸಬಹುದೆಂದೂ ಅದರ ನಿಯಮ ಹೇಳಿತು. ಈ ಎರಡನೆಯ ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ.

ಸ್ಥೂಲ ಲೆಕ್ಕವೊಂದನ್ನು ನೋಡೋಣ. 2 ಮೆಗಾವ್ಯಾಟ್ ಘಟಕಕ್ಕೆ 8ರಿಂದ 10 ಎಕರೆ ಬೇಕು. ವರ್ಷಕ್ಕೆ 30 ಲಕ್ಷ ಯೂನಿಟ್ ಹುಟ್ಟಿ, ಯೂನಿಟ್ಟಿಗೆ 3 ರೂಪಾಯಿ ದೊರೆತರೆ 90 ಲಕ್ಷ ರೂಪಾಯಿ ಹುಟ್ಟುವಳಿ. ಪಾವಗಡದ ಮೊದಲ ದರದಂತೆ 10 ಎಕರೆಯ ಗೇಣಿ 2 ಲಕ್ಷ 10 ಸಾವಿರ ಮಾತ್ರ. ಉಳಿದುದೆಲ್ಲ ಲಾಭವೆಂದು ತಿಳಿಯಬಾರದು. ಘಟಕ ಕಟ್ಟಲು ಹಲವು ಕೋಟಿ ಬೇಕು, ಸಾಲದ ಕಂತೇ ಬಹುಪಾಲನ್ನು ನುಂಗುತ್ತದೆ. ಆದರೂ ಸಂಘ ಕಟ್ಟಿ ಪಾಲು ಪಡೆದವರಿಗೂ ಬರೀ ಗೇಣಿ ಪಡೆದವರಿಗೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಚಿಕ್ಕದಾಗಿ ಆರಂಭಿಸಿದ ಉದಾಹರಣೆಯೂ ಇದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ 2016ರಲ್ಲಿ ಕೇವಲ 6 ಮಂದಿ ರೈತರು ಸೌರ ಪಂಪುಗಳ ಸಹಕಾರ ಸಂಘ ಮಾಡಿಕೊಂಡು, ನೀರಾವರಿಗೆ ಬಳಸಿ ಮಿಕ್ಕ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರಿದರು. ಮಿಕ್ಕ ಯೂನಿಟ್ಟಿಗೆ ಹಣ ಬರುವಾಗ ಪಂಪನ್ನು ಸುಮ್ಮನೆ ಓಡಿಸಲು ಯಾರಿಗೂ ಮನಸ್ಸು ಬಾರದು. ಹಗಲಿನಲ್ಲೇ ನೀರು ಹಾಯಿಸುವುದರಿಂದ ರಾತ್ರಿ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುವ ಕಷ್ಟವೂ ತಪ್ಪುತ್ತದೆ.

ಜಾಗದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ನದಿಯ ನೀರು ಸಿಗುವ ಒಳ್ಳೆಯ ಎರೆಭೂಮಿಯನ್ನು ಫಲಕಗಳಿಗೆ ಕೊಡುವುದು ಬುದ್ಧಿವಂತಿಕೆಯಲ್ಲ. ಸವಳಾದ ಇಲ್ಲವೆ ಕಲ್ಲಿನ ನೆಲ ಇದ್ದರೆ ಅದನ್ನೇ ಆರಿಸುವುದು ಮೇಲು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಂಬಗಳ ಬುನಾದಿಯನ್ನು ಆಳವಾಗಿ ಹಾಕಬೇಕಾಗುತ್ತದೆ. ಫಲಕಗಳ ಮೇಲೆ ದೂಳು ಕೂತರೆ ಹುಟ್ಟುವಳಿ ಇಳಿಯುತ್ತದೆ; ತೊಳೆಯುವ ಮತ್ತು ಕಾವಲಿನ ಕೆಲಸವನ್ನು ಊರಿನ ಭೂಹೀನರಿಗೇ ಕೊಡಬೇಕೆಂದು ಕರಾರಿನಲ್ಲಿಯೇ ಬರೆಸಬೇಕು. ಬಾಯಿಮಾತು ಸಾಲದು.

ಕರಾರು ಕಾಲು ಶತಮಾನದಷ್ಟು ದೀರ್ಘವಾಗಿರುತ್ತದೆ. ಆದ್ದರಿಂದ ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಸರಿಯಾಗಿದೆಯೇ, ಭೂಮಿಯನ್ನು ಒತ್ತೆಯಿಡುವ ಅಧಿಕಾರ ಕಂಪನಿಗೆ ಸಿಗುತ್ತದೆಯೇ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆಯುವವರು ಯಾರು ಎಂಬುದನ್ನು ಗ್ರಾಮಸಭೆಯಲ್ಲಿ ಓದಿಸಿ ಕೇಳಬೇಕು. ಹತ್ತಿರದ ವಿದ್ಯುತ್ ಉಪಕೇಂದ್ರಕ್ಕೆ ಹೊಸ ಘಟಕದ ವಿದ್ಯುತ್ತನ್ನು ಪಡೆಯುವ ಶಕ್ತಿ ಇದೆಯೇ ಎಂಬುದನ್ನು ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಮುಂಗಡ ಹಣದ ಮಾತಾಡುವುದು ಒಳ್ಳೆಯದು.