ಕಂಡಾಯ, ಧೂಳ್ತ ಮತ್ತು ನಾಮ: ಮಂಟೇಸ್ವಾಮಿ ಪರಂಪರೆಯ ಸಂಕೇತಗಳು

ಆಗಮೋಕ್ತ ಆರಾಧನೆಯಲ್ಲಿ ದೇವತಾಮೂರ್ತಿಯು ಪ್ರಾಣಪ್ರತಿಷ್ಠೆಯಿಂದ ಪವಿತ್ರಗೊಳ್ಳುತ್ತದೆ. ಮಂತ್ರವು ದೀಕ್ಷೆಯ ಮೂಲಕ ಅಧಿಕಾರವುಳ್ಳವರಿಗೆ ದೊರೆಯುತ್ತದೆ. ಮೂರ್ತಿ ಗರ್ಭಗುಡಿಯಲ್ಲಿ ನೆಲೆಗೊಂಡರೆ ಮಂತ್ರ ಸಂಸ್ಕೃತದಲ್ಲಿ ನೆಲೆಗೊಂಡಿರುತ್ತದೆ. ಈ ಎರಡು ನೆಲೆಗಳ ಆಚೆಗೆ ಪವಿತ್ರತೆಯು ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ದಕ್ಷಿಣ ಕರ್ನಾಟಕದ ಮಂಟೇಸ್ವಾಮಿ ಪರಂಪರೆಯು ಮಹತ್ವದ ನಿದರ್ಶನವಾಗಿದೆ.

ಈ ಪರಂಪರೆಯ ಪ್ರಧಾನ ಕುರುಹು ಕಂಡಾಯ. ದಂಡದ ತುದಿಯಲ್ಲಿ ಲೋಹದ ಫಲಕವನ್ನು ಕೂಡಿಸಿದ ಈ ಲಾಂಛನಕ್ಕೆ ಮನುಷ್ಯಾಕೃತಿಯ ಅಗತ್ಯವಿಲ್ಲ. ಅದು ಭಕ್ತರ ಹೆಗಲ ಮೇಲೆ ಊರೂರು ಸಂಚರಿಸುತ್ತದೆ. ಭಕ್ತರು ದೈವವನ್ನು ಅರಸಿ ಹೋಗುವಂತೆ ದೈವವೂ ಭಕ್ತರ ಕೇರಿಗೆ ಬರುತ್ತದೆ. ದೇಗುಲ ಪ್ರವೇಶವೇ ನಿಷಿದ್ಧವಾಗಿದ್ದ ಸಮುದಾಯಗಳಿಗೆ ಈ ಚಲನೆ ಎಷ್ಟು ಮುಖ್ಯವಾಗಿತ್ತೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಲೋಹಕ್ಕೂ ಇಲ್ಲಿ ಕಥನದ ಹಿನ್ನೆಲೆಯಿದೆ. ಪಾಂಚಾಳ ಮನೆತನದ ಕೆಂಪಾಚಾರಿಯು ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಕಠಿಣ ಪರೀಕ್ಷೆಗಳನ್ನು ಗೆಲ್ಲುವ ಭಾಗವು ಕಾವ್ಯದ ಪ್ರಮುಖ ಘಟ್ಟವಾಗಿದೆ.

ಎರಡನೆಯ ಕುರುಹು ಕಪ್ಪು ಧೂಳ್ತ. ಶೈವರ ಬಿಳಿಯ ವಿಭೂತಿಗೆ ಇದು ಬಣ್ಣದಲ್ಲಿಯೇ ಭಿನ್ನವಾಗಿದೆ. ಮಂಟೇಸ್ವಾಮಿಯು ಹೇಸಿಗೆ ಹುಟ್ಟಿಸುವ ರೂಪದಲ್ಲಿ ಕಲ್ಯಾಣಕ್ಕೆ ಬಂದು ಬಸವಣ್ಣನ ಶರಣರನ್ನು ಪರೀಕ್ಷಿಸಿದನೆಂಬ ಕಥನದೊಡನೆ ಇಟ್ಟು ನೋಡಿದಾಗ ಈ ಕಪ್ಪಿನ ಅರ್ಥ ಸ್ಪಷ್ಟವಾಗುತ್ತದೆ. ಮೈಲಿಗೆಯೆಂದು ತಳ್ಳಲ್ಪಟ್ಟದ್ದೇ ಇಲ್ಲಿ ಹಣೆಯ ಮೇಲಿನ ಪ್ರಸಾದವಾಗುತ್ತದೆ.

ಮಂತ್ರದ ಸ್ಥಾನವನ್ನು ಇಲ್ಲಿ ಬಹುಮಟ್ಟಿಗೆ ನಾಮಸ್ಮರಣೆಯು ತುಂಬುತ್ತದೆ. ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳ ನಾದದೊಡನೆ 'ಧರೆಗೆ ದೊಡ್ಡವರು' ಎಂಬ ಬಿರುದಿನಿಂದ ಮಂಟೇಸ್ವಾಮಿಯನ್ನು ಮರಳಿ ಮರಳಿ ಕರೆಯುತ್ತಾರೆ. ಗೋಪ್ಯತೆಯಿಂದ ಬಲ ಪಡೆಯುವ ಬೀಜಾಕ್ಷರಕ್ಕೆ ಎದುರಾಗಿ, ಈ ನಾಮವು ಬಹಿರಂಗ ಉಚ್ಚಾರಣೆಯಿಂದ, ಕೇಳುವವರ ದನಿಗೂಡಿಕೆಯಿಂದ ಬಲ ಪಡೆಯುತ್ತದೆ. ಆಡುಗನ್ನಡವೇ ಇಲ್ಲಿ ಮಂತ್ರಭಾಷೆ.

ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರುಗಳು ಪರಂಪರೆಯ ಮುಖ್ಯ ಕ್ಷೇತ್ರಗಳು. ಚಿಕ್ಕಲ್ಲೂರಿನಲ್ಲಿ ಪುಷ್ಯ ಹುಣ್ಣಿಮೆಯಂದು ಆರಂಭವಾಗುವ ಐದು ದಿನಗಳ ಜಾತ್ರೆಯಲ್ಲಿ ಚಂದ್ರಮಂಡಲವನ್ನು ಹೊತ್ತಿಸಲಾಗುತ್ತದೆ. ಜ್ವಾಲೆ ಹೆಚ್ಚು ಉರಿದ ದಿಕ್ಕಿಗೆ ಮಳೆಬೆಳೆ ಸಮೃದ್ಧವೆಂಬುದು ನಂಬಿಕೆ. ಜಾತ್ರೆಯ ಪಂಕ್ತಿಸೇವೆಯು ಸಹಭೋಜನದ ಆಚರಣೆಯಾಗಿದೆ. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಅನ್ವಯದ ಸಂದರ್ಭದಲ್ಲಿ ಅಲ್ಲಿನ ಮಾಂಸಾಹಾರವು ಬಲಿಯೇ ಅಥವಾ ಊಟವೇ ಎಂಬ ಪ್ರಶ್ನೆ ಎದ್ದಿತು. ಸಂಕೇತವನ್ನು ಓದುವವರು ಯಾರು ಎಂಬುದರ ಮೇಲೆ ಅದರ ಅರ್ಥವೂ ಭವಿಷ್ಯವೂ ನಿಂತಿವೆಯೆಂಬುದನ್ನು ಈ ವಿವಾದ ತೋರಿಸುತ್ತದೆ.

ಕಂಡಾಯವನ್ನು ವಸ್ತುಸಂಗ್ರಹಾಲಯದ ಲೋಹಕೃತಿಯಾಗಿ ಉಳಿಸುವುದು ಸುಲಭ. ಆದರೆ ಅದನ್ನು ಹೊರುವ ಹೆಗಲು, ಹಾಡುವ ಕೊರಳು, ಸಾಲಾಗಿ ಕೂರುವ ಪಂಕ್ತಿ ಇಲ್ಲವಾದರೆ ಉಳಿಯುವುದು ಆಕಾರ ಮಾತ್ರ. ಆದುದರಿಂದ ಜನಪದ ಸಂಕೇತಗಳ ಅಧ್ಯಯನವು ವಸ್ತು, ಕಥನ ಮತ್ತು ಆಚರಣೆಗಳನ್ನು ಒಟ್ಟಾಗಿಯೇ ದಾಖಲಿಸಬೇಕಾಗುತ್ತದೆ.