ಹೂಡಿಕೆಗೆ ದರ ನೋಡುವ ಆ್ಯಪ್ ಬೇಕೋ, ಲೆಕ್ಕ ಇಡುವ ಆ್ಯಪ್ ಬೇಕೋ?

ನಮ್ಮ ಭಾವ ತೀರಿಕೊಂಡು ಎರಡು ವರ್ಷವಾಯಿತು. ಚನ್ನಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಲೆಕ್ಕಾಚಾರದಲ್ಲಿ ಬಲು ಅಚ್ಚುಕಟ್ಟು. ಹಾಲಿನವನ ಬಾಕಿಯನ್ನು ಕೂಡ ಒಂದು ದಿನ ತಡ ಮಾಡಿದವರಲ್ಲ. ಅಂಥವರ ಮನೆಯಲ್ಲಿ ತಿಥಿ ಮುಗಿದ ಮಾರನೇ ದಿನ ನಾವೆಲ್ಲ ಕೂತು ಕಬ್ಬಿಣದ ಬೀರು ತೆಗೆದು ನೋಡಿದರೆ, ಸಿಕ್ಕಿದ್ದು ಬ್ಯಾಂಕಿನ ಪಾಸ್‌ಬುಕ್ಕು, ಎರಡು ಎಲ್‌ಐಸಿ ಬಾಂಡು, ಅಷ್ಟೇ.

"ಬೇರೆ ಏನೂ ಇಟ್ಟಿರಲಿಲ್ವಾ ಅಕ್ಕ?" ಎಂದು ಕೇಳಿದೆ.

"ತಿಂಗಳಾ ಐದನೇ ತಾರೀಕು ಬ್ಯಾಂಕಿಂದ ಏನೋ ಕಟ್ಟಾಯ್ತದೆ ಅಂತಿದ್ರು ಕಣೇ. ಎಲ್ಲಾ ಫೋನೊಳಗೇ ಐತೆ ಅಂತಿದ್ರು. ನಾನೇನು ಕಂಡೆ?"

ಆ ಫೋನಿಗೆ ಬೀಗ. ಬೀಗದ ನಂಬರು ಗೊತ್ತಿದ್ದವರು ಹೋಗಿಬಿಟ್ಟಿದ್ದರು.

ಕೊನೆಗೆ ದಾರಿ ತೋರಿಸಿದ್ದು ಆ ಪಾಸ್‌ಬುಕ್ಕೇ. ಪ್ರತಿ ತಿಂಗಳೂ ಹಣ ಹೋದ ಸಾಲಿನಲ್ಲಿ ಮ್ಯೂಚುಯಲ್ ಫಂಡಿನ ಹೆಸರು ಗುರುತಿಸುವಷ್ಟಿತ್ತು. ಅಕ್ಕನ ಮಗಳ ಕಂಪ್ಯೂಟರಿನಲ್ಲಿ ಅಪ್ಪನ ಇ-ಮೇಲ್ ತೆರೆದೇ ಇತ್ತು. ಅದರಲ್ಲಿ ಆರು ತಿಂಗಳಿಗೊಮ್ಮೆ ಬಂದ ಒಂದು ಪಟ್ಟಿ ಸಿಕ್ಕಿತು. ಆ ಪಟ್ಟಿಯ ಬೀಗ ತೆಗೆಯುವುದಕ್ಕೆ ಬೇಕಾಗಿದ್ದು ಭಾವನ ಪ್ಯಾನ್ ನಂಬರು. ಅದರಲ್ಲಿ ಐದು ಫಂಡುಗಳಿದ್ದವು. ನಾಲ್ಕಕ್ಕೆ ಅಕ್ಕನ ಹೆಸರು ನಾಮಿನಿಯಾಗಿತ್ತು. ಐದನೆಯದಕ್ಕೆ ಯಾರ ಹೆಸರೂ ಇರಲಿಲ್ಲ. ಆ ಒಂದಕ್ಕೇ ವಂಶವೃಕ್ಷ, ಅಫಿಡವಿಟ್ಟು, ಸಹಿ, ಮೊಹರು ಎಂದು ಅಕ್ಕ ತಿಂಗಳುಗಟ್ಟಲೆ ಅಲೆದಳು.

ಕೈಲಾಂಚಕ್ಕೆ ವಾಪಸು ಬಂದ ದಿನವೇ ನಮ್ಮ ಯಜಮಾನರನ್ನು ಕೇಳಿದೆ, "ನಮ್ಮದು ಎಲ್ಲೆಲ್ಲಿ ಎಷ್ಟೆಷ್ಟಿದೆ ಹೇಳಿ ನೋಡೋಣ." ಅವರು ನಕ್ಕು ಜೇಬು ತಟ್ಟಿ, "ಎಲ್ಲಾ ಫೋನಿನಲ್ಲಿದೆ" ಎಂದರು. ನನಗೆ ಎದೆ ಝಲ್ಲೆಂದಿತು.

ಎರಡು ಬಗೆಯ ಆ್ಯಪ್‌ಗಳು

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ವಿಷಯ ಹೇಳಿದೆ. ಭಾನುವಾರ ಬಂದವನೇ ನನ್ನ ಫೋನಿಗೆ ಎರಡು ಆ್ಯಪ್ ಹಾಕಿಕೊಟ್ಟ. "ಒಂದು ರಿಸರ್ಚಿಗೆ, ಇನ್ನೊಂದು ಟ್ರ್ಯಾಕ್ ಮಾಡೋಕೆ. ಯಾವುದು ಬೇಕೋ ಇಟ್ಕೊಳಮ್ಮ" ಎಂದು ಹೊರಟುಹೋದ. ಎಸ್ಸೆಸ್ಸೆಲ್ಸಿ ಓದಿದ ನಾನು ಒಂದು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಎರಡನ್ನೂ ತಿರುವಿ ಹಾಕಿದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಕಡೆಯವರಿಗೆ ರೇಷ್ಮೆಯ ಉದಾಹರಣೆ ಹೇಳಿದರೆ ಬೇಗ ಅರ್ಥವಾಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಡುವ ಮುಂಚೆ ಇವತ್ತು ಮಿಶ್ರತಳಿ ಗೂಡಿಗೆ ಏನು ದರ, ಬಿಳಿ ಗೂಡಿಗೆ ಏನು ದರ ಎಂದು ವಿಚಾರಿಸುತ್ತೇವೆ. ಅದು ಒಂದು ಬಗೆಯ ತಿಳಿವಳಿಕೆ. ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತು, ಸೊಪ್ಪಿಗೆ ಎಷ್ಟು ಕೊಟ್ಟೆವು, ಕೂಲಿ ಎಷ್ಟಾಯಿತು ಎಂದು ಮನೆಯಲ್ಲಿ ಬರೆದಿಡುವುದು ಇನ್ನೊಂದು ಬಗೆ. ದರ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಮನೆಯ ಲೆಕ್ಕ ಇಲ್ಲದವನಿಗೆ ಬೆಳೆಯಲ್ಲಿ ಲಾಭವೋ ನಷ್ಟವೋ ತಿಳಿಯುವುದಿಲ್ಲ. ಹೂಡಿಕೆಯ ಆ್ಯಪ್‌ಗಳಲ್ಲಿಯೂ ಹೀಗೆಯೇ, ಸಂಶೋಧನೆಯದು ದರ ವಿಚಾರಿಸುವ ಕೆಲಸ, ಟ್ರ್ಯಾಕ್ ಮಾಡುವುದು ಮನೆಯ ಲೆಕ್ಕ.

ದರ ವಿಚಾರಿಸುವವು

ವ್ಯಾಲ್ಯೂ ರಿಸರ್ಚ್, ಮಾರ್ನಿಂಗ್‌ಸ್ಟಾರ್ ಮುಂತಾದವು ಫಂಡುಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತವೆ. ಸ್ಕ್ರೀನರ್ ಎಂಬುದರಲ್ಲಿ ಕಂಪನಿಗಳ ಹಲವು ವರ್ಷದ ಲಾಭ, ಸಾಲಗಳ ಲೆಕ್ಕ ಒಂದೇ ಕಡೆ ಸಿಗುತ್ತದೆ. ಬಿಡಿ ಷೇರು ಕೊಳ್ಳುವವರಿಗೆ ಇದು ಬೇಕು. ತಿಂಗಳಿಗೆ ಸಾವಿರ, ಎರಡು ಸಾವಿರ ಫಂಡಿಗೆ ಕಟ್ಟುವ ನಮ್ಮಂಥವರಿಗೆ ದಿನವೂ ಬೇಕಾದದ್ದೇನಲ್ಲ.

ನಕ್ಷತ್ರದ ವಿಚಾರದಲ್ಲಿ ಒಂದು ಎಚ್ಚರ ಬೇಕು. ಅದು ಮುಖ್ಯವಾಗಿ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಕೊಟ್ಟ ಅಂಕ. ಕಳೆದ ವರ್ಷ ಮೊದಲನೇ ದರ್ಜೆಯಲ್ಲಿ ಪಾಸಾದ ಹುಡುಗ ಈ ವರ್ಷವೂ ಪಾಸಾಗಿಯೇ ತೀರುತ್ತಾನೆಂದು ಯಾರು ಬರೆದುಕೊಡುತ್ತಾರೆ? ನಾನು ಆ ಒಂದು ತಿಂಗಳಲ್ಲಿ ಐದು ನಕ್ಷತ್ರ ಕಂಡಾಗಲೆಲ್ಲ "ಇದನ್ನೂ ಕೊಳ್ಳೋಣವೇ" ಎಂದುಕೊಂಡೆ. ಸೀರೆ ಅಂಗಡಿಗೆ ಹೋದ ಹಾಗಾಯಿತು ನನ್ನ ಪಾಡು! ನಕ್ಷತ್ರಕ್ಕಿಂತ ಮೊದಲು ನೋಡಬೇಕಾದದ್ದು ಪ್ರತಿ ಫಂಡಿನ ಜೊತೆಯಲ್ಲೂ ಕಡ್ಡಾಯವಾಗಿ ಇರುವ ಅಪಾಯದ ಮುಳ್ಳು. ಅದನ್ನು ರಿಸ್ಕೋಮೀಟರ್ ಎನ್ನುತ್ತಾರೆ. 2021ರಿಂದ ಅದರಲ್ಲಿ ಆರು ಮೆಟ್ಟಿಲುಗಳಿವೆ. ಮಗಳ ಮದುವೆ ಮುಂದಿನ ವರ್ಷವಿದ್ದರೆ, ಮುಳ್ಳು ತುದಿಯಲ್ಲಿರುವ ಫಂಡಿಗೆ ಎಷ್ಟು ನಕ್ಷತ್ರವಿದ್ದರೂ ಆ ಹಣವನ್ನು ಅಲ್ಲಿ ಇಡಬಾರದು.

ಲೆಕ್ಕ ಇಡುವವು

ಇವು ನಮ್ಮಲ್ಲಿ ಏನಿದೆ ಎಂಬುದನ್ನು ಒಟ್ಟು ಮಾಡಿ ತೋರಿಸುತ್ತವೆ. ಆದರೆ ಆ ಮಾಹಿತಿ ಅವಕ್ಕೆ ಹೇಗೆ ಸಿಗುತ್ತದೆ ಎಂಬುದನ್ನು ನಾವು ವಿಚಾರಿಸಬೇಕು. ಕೆಲವಕ್ಕೆ ನಾವೇ ಒಂದೊಂದಾಗಿ ತುಂಬಬೇಕು. ಕೆಲವಕ್ಕೆ ನಮ್ಮ ಪಟ್ಟಿಯನ್ನು ಕೊಟ್ಟರೆ ಸಾಕು. ಇನ್ನು ಕೆಲವು "ನಿಮ್ಮ ಇ-ಮೇಲ್ ಓದಲು ಅನುಮತಿ ಕೊಡಿ" ಎಂದು ಕೇಳುತ್ತವೆ. ನಮ್ಮ ಮನೆಯ ಕಾಗದಪತ್ರವನ್ನೆಲ್ಲ ಪರರ ಕೈಗೆ ಕೊಡುವ ಮಾತಿದು. ನಾನಂತೂ ಒಪ್ಪಲಿಲ್ಲ.

ಇದರ ಜೊತೆಗೆ, ಪುಕ್ಕಟೆಯಾಗಿ ಸಿಗುವ ಆ್ಯಪ್ ತನ್ನ ಖರ್ಚನ್ನು ಎಲ್ಲಿಂದ ತೆಗೆಯುತ್ತದೆ ಎಂದೂ ಯೋಚಿಸಬೇಕು. ಒಂದು ಆ್ಯಪ್ ನನ್ನ ಲೆಕ್ಕ ತೋರಿಸುತ್ತಲೇ ದಿನಕ್ಕೆರಡು ಸಲ "ಈ ಫಂಡು ಬಿಡಿ, ಆ ಫಂಡು ಕೊಳ್ಳಿ", "ಸಾಲ ಬೇಕೇ?" ಎಂದು ಗಂಟೆ ಬಾರಿಸುತ್ತಿತ್ತು. ಲೆಕ್ಕ ಬರೆಯುವ ಗುಮಾಸ್ತನೇ ಸಾಮಾನು ಮಾರಲು ನಿಂತರೆ ಅವನ ಸಲಹೆಯನ್ನು ಎಷ್ಟು ನಂಬಬೇಕು, ನೀವೇ ಹೇಳಿ.

ಲೆಕ್ಕದ ಆ್ಯಪ್‌ನಿಂದ ನನಗೆ ಉಪಕಾರವೇ ಆಗಲಿಲ್ಲ ಎಂದರೆ ತಪ್ಪಾದೀತು. ಎರಡು ವಿಷಯ ತಿಳಿಯಿತು. ಒಂದು, ನಮ್ಮ ಯಜಮಾನರು ಕೊಂಡಿದ್ದ ನಾಲ್ಕು ಫಂಡುಗಳ ಹೊಟ್ಟೆಯಲ್ಲಿದ್ದದ್ದು ಹೆಚ್ಚುಕಡಿಮೆ ಅವೇ ದೊಡ್ಡ ಕಂಪನಿಗಳು. ನಾಲ್ಕು ಪಾತ್ರೆಯಲ್ಲಿ ಒಂದೇ ಸಾರು ಕಾಸಿಟ್ಟ ಹಾಗೆ! ಎರಡು, "ಶೇಕಡಾ 30 ಲಾಭ" ಎಂದು ಹಸಿರು ಅಕ್ಷರದಲ್ಲಿ ಕಂಡರೆ ಹಿಗ್ಗಬಾರದು. ಅದು ಎಷ್ಟು ವರ್ಷಕ್ಕೆ ಎಂದು ಕೇಳಬೇಕು. ಒಂದು ಲಕ್ಷ ರೂಪಾಯಿ ಐದು ವರ್ಷಕ್ಕೆ ಒಂದು ಲಕ್ಷ ಮೂವತ್ತು ಸಾವಿರವಾದರೆ, ವರ್ಷಕ್ಕೆ ಬಿದ್ದದ್ದು ಸುಮಾರು ಶೇಕಡಾ 5.4 ಮಾತ್ರ. ತಿಂಗಳು ತಿಂಗಳು ಕಟ್ಟುವವರು 'ಎಕ್ಸ್‌ಐಆರ್‌ಆರ್' ಎಂಬ ಅಂಕಿಯನ್ನು ನೋಡಬೇಕು. ಯಾವ ಕಂತು ಯಾವ ದಿನ ಕಟ್ಟಿದ್ದು ಎಂಬುದನ್ನು ಹಿಡಿದು ಅದು ವರ್ಷದ ಲೆಕ್ಕ ಹೇಳುತ್ತದೆ.

ನಾನು ಆರಿಸಿಕೊಂಡದ್ದು

ಭಾವನ ಮನೆಯಲ್ಲಿ ದಾರಿ ತೋರಿದ ಆ ಪಟ್ಟಿಯನ್ನೇ ನಾನು ಹಿಡಿದುಕೊಂಡೆ. ಡಿಮ್ಯಾಟ್ ಖಾತೆ ಇರುವವರಿಗೆ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಸಂಸ್ಥೆ 2015ರಿಂದ ಷೇರು, ಮ್ಯೂಚುಯಲ್ ಫಂಡು ಎರಡನ್ನೂ ಸೇರಿಸಿ ಒಂದೇ ಪಟ್ಟಿ ಕಳಿಸುತ್ತಿದೆ. ವಹಿವಾಟು ನಡೆದ ತಿಂಗಳು ಅದು ಬರುತ್ತದೆ, ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಬರುತ್ತದೆ. ಬರೀ ಫಂಡುಗಳಿರುವವರು ಎಂಎಫ್ ಸೆಂಟ್ರಲ್‌ನಲ್ಲಿ ನೋಡಬಹುದು. ಫಂಡುಗಳ ಲೆಕ್ಕಪತ್ರ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಸಂಸ್ಥೆಗಳೇ ಸೇರಿ 2021ರಲ್ಲಿ ಅದನ್ನು ಶುರುಮಾಡಿದವು. ಹಣ ಕೊಡಬೇಕಾಗಿಲ್ಲ. ಯಾವ ಏಜೆಂಟರ ಮೂಲಕ, ಯಾವ ಆ್ಯಪ್‌ನಿಂದ ಕೊಂಡಿದ್ದರೂ ನಿಮ್ಮ ಪ್ಯಾನ್ ಅಡಿ ಇರುವ ಫಂಡುಗಳು ಒಟ್ಟಿಗೆ ಕಾಣುತ್ತವೆ.

ಆ ಪಟ್ಟಿಯಲ್ಲಿ ಮೂರು ಕಡೆ ಬೆರಳಿಟ್ಟು ನೋಡಿ. ಮೊದಲನೆಯದು, ನಾಮಿನಿ ಹೆಸರು. ಎರಡನೆಯದು, ನಿಮ್ಮ ಫೋನ್ ನಂಬರು ಮತ್ತು ಇ-ಮೇಲ್ ಸರಿಯಾಗಿದೆಯೇ ಎಂಬುದು. ಮೂರನೆಯದು, ಫಂಡಿನ ಹೆಸರಿನ ಮುಂದೆ 'ರೆಗ್ಯುಲರ್' ಎಂದಿದೆಯೋ 'ಡೈರೆಕ್ಟ್' ಎಂದಿದೆಯೋ ಎಂಬುದು. ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಬಗೆ 2013ರ ಜನವರಿಯಿಂದ ಇದೆ. ನಿಮಗೆ ತಿಳಿಸಿ ಹೇಳುವ ಒಳ್ಳೆಯ ಏಜೆಂಟರಿದ್ದರೆ ಕಮಿಷನ್ ಹೋಗುವುದರಲ್ಲಿ ತಪ್ಪೇನಿಲ್ಲ. ಯಾರ ಸಹಾಯವೂ ಇಲ್ಲದೆ ಸುಮ್ಮನೆ ಹೋಗುತ್ತಿದ್ದರೆ ಯೋಚಿಸಬೇಕು.

ಮರೆತುಹೋದ ಹಳೆಯ ಫಂಡುಗಳನ್ನು ಹುಡುಕಲು ಸೆಬಿಯ ಏರ್ಪಾಡಿನಂತೆ 2025ರಲ್ಲಿ 'ಮಿತ್ರ' ಎಂಬ ಸೌಲಭ್ಯ ಬಂದಿದೆ. ಬ್ಯಾಂಕುಗಳಲ್ಲಿ ವಾರಸುದಾರರಿಲ್ಲದೆ ಬಿದ್ದಿರುವ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನ 'ಉದ್ಗಮ್' 2023ರಿಂದ ಇದೆ. ಹಿರಿಯರು ತೀರಿಕೊಂಡ ಮನೆಯವರು ಒಮ್ಮೆ ಇವೆರಡನ್ನೂ ನೋಡುವುದು ಒಳ್ಳೆಯದು.

ಇನ್ನು ರಿಸರ್ಚ್ ಆ್ಯಪ್ ತೆಗೆದುಹಾಕಿದೆ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ತೊಳೆಯುವ ಸಮಯಕ್ಕೆ, ನಮ್ಮ ಫಂಡುಗಳು ಅದೇ ಜಾತಿಯ ಬೇರೆ ಫಂಡುಗಳ ಜೊತೆ ಹೇಗಿವೆ ಎಂದು ನೋಡಿಕೊಳ್ಳುತ್ತೇನೆ. ಸಾಲದೇ?

ಒಂದು ಎಚ್ಚರಿಕೆ

"ಷೇರು ಹೇಳಿಕೊಡುತ್ತೇವೆ" ಎಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ಒಂದು ಆ್ಯಪ್ ಹಾಕಿಸಿ, ಅದರಲ್ಲಿ ದಿನವೂ ಲಾಭ ಏರುವಂತೆ ತೋರಿಸುವ ಮೋಸಗಾರರಿದ್ದಾರೆ. ತೆಗೆಯಲು ಹೋದಾಗ ಹಣವೇ ಇರುವುದಿಲ್ಲ. ಸಲಹೆಗೆ ಹಣ ಕೇಳುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಹೂಡಿಕೆ ಸಲಹೆಗಾರರದು ಐಎನ್‌ಎ ಎಂದೂ, ಸಂಶೋಧನಾ ವಿಶ್ಲೇಷಕರದು ಐಎನ್‌ಎಚ್ ಎಂದೂ ಶುರುವಾಗುತ್ತದೆ. ಅದನ್ನು ಸೆಬಿಯ ಪಟ್ಟಿಯಲ್ಲಿ ಹುಡುಕಿ ನೋಡಿ. ಮೋಸ ಹೋದದ್ದು ತಿಳಿದ ಕೂಡಲೇ, ನಾಚಿಕೆಪಡದೆ 1930ಕ್ಕೆ ಫೋನ್ ಮಾಡಿ.

ಆ್ಯಪ್‌ಗೆ ಕಾಣದ ಲೆಕ್ಕ

ಯಾವ ಆ್ಯಪ್ ಇಟ್ಟುಕೊಂಡರೂ ಮನೆಯ ಚೀಟಿ ಹಣ, ಸ್ತ್ರೀಶಕ್ತಿ ಸಂಘದ ಉಳಿತಾಯ, ಒಡವೆ, ನಾದಿನಿಗೆ ಕೊಟ್ಟ ಕೈಸಾಲ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ಕು ತಂದೆ. ಒಂದೊಂದು ಹೂಡಿಕೆಗೆ ಒಂದೊಂದು ಸಾಲು: ಎಲ್ಲಿದೆ, ಯಾರ ಹೆಸರಿನಲ್ಲಿದೆ, ಖಾತೆ ಅಥವಾ ಫೋಲಿಯೊ ನಂಬರು, ನಾಮಿನಿ ಯಾರು, ಯಾವ ತಾರೀಕು ಹಣ ಹೋಗುತ್ತದೆ, ಯಾವ ಫೋನ್ ನಂಬರು, ಯಾವ ಇ-ಮೇಲ್. ಪಾಸ್‌ವರ್ಡು, ಪಿನ್ನು ಅದರಲ್ಲಿ ಬರೆಯಬೇಡಿ. ಪುಸ್ತಕ ಬೀರುವಿನಲ್ಲಿರಲಿ, ಅದು ಅಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.

ಯಜಮಾನರು ಮೊದಲು "ನಾನಿನ್ನೂ ಗಟ್ಟಿಮುಟ್ಟಾಗಿದ್ದೀನಲ್ಲೇ!" ಎಂದು ಸಿಡುಕಿದರು. ನಾನು ಭಾವನ ಹೆಸರು ಎತ್ತಲಿಲ್ಲ, ಪೆನ್ನು ಮುಂದಿಟ್ಟೆ. ಒಂದು ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿ ತಿಂದು ಕೂತವರು ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಸಿದರು. ಎರಡು ಫಂಡಿಗೆ ನಾಮಿನಿ ಇರಲಿಲ್ಲ. ಒಂದಕ್ಕೆ, ತೀರಿಹೋದ ನಮ್ಮ ಅತ್ತೆಯವರ ಹೆಸರೇ ಇನ್ನೂ ಇತ್ತು. ಅವತ್ತೇ ಕೂತು ಮೂರನ್ನೂ ಸರಿಪಡಿಸಲು ಅರ್ಜಿ ಹಾಕಿದೆವು.

ಹೋದ ತಿಂಗಳು ಅಕ್ಕ ಬಂದಿದ್ದಳು. ಈಗ ಅವಳ ಫಂಡುಗಳನ್ನು ಅವಳೇ ನೋಡಿಕೊಳ್ಳುತ್ತಾಳೆ. ಪಟ್ಟಿ ಬಂದಾಗ ಮಗಳ ಕೈಲಿ ಮುದ್ರಿಸಿಕೊಂಡು, ಕನ್ನಡಕ ಏರಿಸಿ, ಸಾಲು ಸಾಲಾಗಿ ಓದುತ್ತಾಳೆ. ನನ್ನ ನೋಟ್‌ಬುಕ್ಕನ್ನೂ ತೆಗೆಸಿ ತಿರುವಿ ಹಾಕಿದಳು.

"ಎಲ್ಲಾ ಬರ್ದಿದ್ದೀಯ. ಪ್ಯಾನ್ ನಂಬರೆಲ್ಲೇ?"

ಅದನ್ನೇ ಮರೆತಿದ್ದೆ, ನೋಡಿ! ಅವಳ ಮುಂದೆಯೇ ಮೊದಲ ಪುಟದಲ್ಲಿ ಇಬ್ಬರ ನಂಬರನ್ನೂ ಬರೆದೆ.