ಅರ್ಜಿಯ ಅಂಕಿಗಳನ್ನು ಮ್ಯಾಕ್ರೋ ಹೇಗೆ ಪರೀಕ್ಷಿಸುತ್ತದೆ?



ವಿದ್ಯಾರ್ಥಿವೇತನ ಮಂಜೂರಾದರೂ ಹಣ ಖಾತೆಗೆ ಸೇರದೆ ಹಿಂದಿರುಗುವುದುಂಟು. ಮತ್ತೆ ಕಳುಹಿಸುವಷ್ಟರಲ್ಲಿ ಫೀಸು ಕಟ್ಟುವ ಕೊನೆಯ ದಿನ ದಾಟಿರುತ್ತದೆ. ಕಾರಣ ಹುಡುಕಿದರೆ ಒಂದು ಅಂಕಿಯೋ ಅಕ್ಷರವೋ ತಪ್ಪಿರುತ್ತದೆ. ಆದ್ದರಿಂದ ಅರ್ಜಿಗಳ ಪಟ್ಟಿಯನ್ನು ಸಮಿತಿಯ ಮುಂದಿಡುವ ಮೊದಲು ಎಕ್ಸೆಲ್‌ನ ಮ್ಯಾಕ್ರೋದಿಂದ ಪರೀಕ್ಷಿಸುತ್ತೇವೆ. ಮ್ಯಾಕ್ರೋ ಎಂದರೆ ಒಮ್ಮೆ ಬರೆದಿಟ್ಟ ಸೂಚನೆಗಳ ಸರಣಿ. ಗುಂಡಿ ಒತ್ತಿದರೆ ಸಾಲುಸಾಲಾಗಿ ಓದಿ, ಅನುಮಾನ ಬಂದ ಕಡೆ ಹಳದಿ ಬಣ್ಣ ಬಳಿಯುತ್ತದೆ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಂತೆ ಇನ್ನೂರನೆಯದಕ್ಕೆ ಆಕಳಿಸುವುದಿಲ್ಲ!

ಐಎಫ್‌ಎಸ್‌ಸಿ ಕೋಡಿನಲ್ಲಿ 11 ಸ್ಥಾನಗಳು. ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಸೊನ್ನೆ. ಅಲ್ಲಿ ‘ಓ’ ಅಕ್ಷರ ಬರೆದವರು ಬಹಳ. ಇನ್ನೊಂದು ತೊಡಕು ಹಳೆಯ ಪಾಸ್‌ಬುಕ್ಕಿನದು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ಕೋಡ್ ಕಂಡರೆ ಮ್ಯಾಕ್ರೋ ಅಲ್ಲೇ ನಿಲ್ಲಿಸುತ್ತದೆ. ದಯವಿಟ್ಟು ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಡಿ.

ಖಾತೆ ಸಂಖ್ಯೆಯಲ್ಲಿ ಎಕ್ಸೆಲ್ಲೇ ಕೈಕೊಡುತ್ತದೆ. ಸಂಖ್ಯೆಯೆಂದು ಟೈಪ್ ಮಾಡಿದರೆ ಮುಂದಿನ ಸೊನ್ನೆಗಳು ಮಾಯ. 15 ಅಂಕಿಗಳ ನಂತರದ್ದೆಲ್ಲ ಸೊನ್ನೆಯಾಗುತ್ತದೆ. ಹೋದ ಅಂಕಿಯನ್ನು ಯಾವ ಮ್ಯಾಕ್ರೋವೂ ಮರಳಿ ತರಲಾರದು. ಟೈಪ್ ಮಾಡುವ ಮೊದಲೇ ಆ ಕಾಲಂ ‘ಟೆಕ್ಸ್ಟ್’ ಆಗಿರಬೇಕು.

ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ಮೊದಲ ಹನ್ನೊಂದರಿಂದ ಲೆಕ್ಕಹಾಕಿ ಬಂದದ್ದು. ಹಾಗಾಗಿ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಆದರೆ ಆ ನಂಬರು ಆ ಮಗುವಿನದೇ ಎಂಬುದನ್ನು ಈ ಲೆಕ್ಕ ಹೇಳದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಆದಾಯದ ಕಾಲಂ. ಅದನ್ನು ಖಾಲಿ ಬಿಟ್ಟರೆ, ‘ಒಂದು ಲಕ್ಷಕ್ಕಿಂತ ಕಡಿಮೆಯೇ?’ ಎಂಬ ಪ್ರಶ್ನೆಗೆ ಎಕ್ಸೆಲ್ ಹೌದೆನ್ನುತ್ತದೆ. ಖಾಲಿಯನ್ನು ಅದು ಸೊನ್ನೆಯೆಂದೇ ಎಣಿಸುತ್ತದೆ. ಆದಾಯ ಬರೆಯದವರು ಪಟ್ಟಿಗೆ ಸೇರಿ, ಬೀಡಿ ಕಟ್ಟಿ ಬಂದ ದುಡ್ಡನ್ನು ಪ್ರಾಮಾಣಿಕವಾಗಿ ಬರೆದ ತಾಯಿಯ ಮಗಳು ಹಿಂದೆ ಬೀಳಬಹುದು. ಖಾಲಿ ಇದೆಯೇ ಎಂದು ಮೊದಲೇ ಕೇಳುವ ಒಂದು ಸಾಲು ಮ್ಯಾಕ್ರೋದಲ್ಲಿ ಇರಲೇಬೇಕು.

ಹೆಸರುಗಳ ವಿಷಯ ಬೇರೆ. ಅಂಕಪಟ್ಟಿಯಲ್ಲಿ ಮೊಹಮ್ಮದ್, ಪಾಸ್‌ಬುಕ್ಕಿನಲ್ಲಿ ಎಂ.ಡಿ.; ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ. ಯಂತ್ರಕ್ಕೆ ಇವರು ಇಬ್ಬರು. ಅದಕ್ಕೇ ಅರ್ಜಿ ತಿರಸ್ಕರಿಸುವ ಅಧಿಕಾರವನ್ನು ಮ್ಯಾಕ್ರೋಗೆ ಕೊಟ್ಟಿಲ್ಲ. ಹಳದಿಯಾದ ಪ್ರತಿ ಅರ್ಜಿಗೂ ಒಬ್ಬರು ಫೋನ್ ಮಾಡುತ್ತಾರೆ. ಮನೆಯಲ್ಲಿ ಹಗಲು ಹೊತ್ತು ಯಾರಾದರೂ ಎತ್ತುವ ನಂಬರನ್ನೇ ಅರ್ಜಿಯಲ್ಲಿ ಬರೆಯಿರಿ.